ಕರಣೆ ಹಿಡಿದ ಕರಣಿಕ

ಶಿಬಿರದ ಅರ್ಜಿಯಲ್ಲಿ ‘ಅಗೆತದ ಪೂರ್ವಾನುಭವ’ ಎಂಬ ಖಾನೆಯಿತ್ತು. ಹಿತ್ತಲಲ್ಲಿ ತೆಂಗಿನ ಸಸಿಗೆ ಗುಂಡಿ ತೋಡಿದ್ದನ್ನೂ, ಬ್ಯಾಂಕಿನಲ್ಲಿದ್ದಾಗ ನೆಲಮಾಳಿಗೆಯಿಂದ ಹಳೆಯ ಸಾಲದ ಕಡತಗಳನ್ನು ಕೆದಕಿ ತೆಗೆದದ್ದನ್ನೂ ಪ್ರಾಮಾಣಿಕವಾಗಿ ಬರೆದೆ. ಆಯ್ಕೆಯಾಯಿತು. ಸಸಿ ಒಣಗಿದ್ದು, ಸಾಲ ವಸೂಲಾಗದ್ದು ಇವಕ್ಕೆ ಅರ್ಜಿಯಲ್ಲಿ ಖಾನೆ ಇರಲಿಲ್ಲ.

ಪುರಾತತ್ತ್ವದ ಗಂಧಗಾಳಿಯೂ ಇಲ್ಲದವರಿಗೆಂದೇ ಏರ್ಪಾಡಾಗಿದ್ದ ಕಿರು ತರಬೇತಿ ಅದು. ನಡೆದದ್ದು ಬಳ್ಳಾರಿ ಸೀಮೆಯಲ್ಲಿ. ನಡೆಸಿದವರ ಹೆಸರು ಹೇಳುವುದಿಲ್ಲ. ಹೇಳಿದರೆ ಪಾಪ, ಕೊಟ್ಟ ಪ್ರಮಾಣಪತ್ರ ವಾಪಸು ಕೇಳಿಯಾರು. ನನ್ನ ಜೊತೆಗೆ ನಾಲ್ಕಾರು ಕಾಲೇಜು ಹುಡುಗ ಹುಡುಗಿಯರು, ಒಬ್ಬ ಹೈಸ್ಕೂಲು ಮೇಷ್ಟ್ರು, ಕೆಲಸಕ್ಕೆ ರಜೆ ಹಾಕಿ ಬಂದ ಒಬ್ಬ ಸಾಫ್ಟ್‌ವೇರಿನವನು. ಅರವತ್ತು ದಾಟಿದವನು ನಾನೊಬ್ಬನೇ. ಮೊದಲ ದಿನವೇ ಎಲ್ಲರೂ ‘ಅಂಕಲ್’ ಎನ್ನಲು ಶುರುಮಾಡಿದರು. ಕಾನೂನಿನ ಪ್ರಕಾರ ನೂರು ವರ್ಷ ತುಂಬಿದರೆ ಪುರಾತನ ವಸ್ತು, ನನಗಿನ್ನೂ ಮೂವತ್ತು ಚಿಲ್ಲರೆ ವರ್ಷ ಬಾಕಿ ಇದೆ ಎಂದು ನಾನೂ ಹಲ್ಲು ಕಿರಿದೆ.

ಹೊರಡುವ ಮುಂಚೆ ಮನೆಯಲ್ಲಿ ಆಶೀರ್ವಾದವೂ ಆಗಿತ್ತು. “ರೀ, ಅಟ್ಟದ ಮೇಲಿನ ಧೂಳನ್ನ ಮದುವೆಯಾದಾಗಿನಿಂದ ನೀವು ಮುಟ್ಟಿಲ್ಲ. ಅಲ್ಲಿ ಹೋಗಿ ನಾಲ್ಕು ಸಾವಿರ ವರ್ಷದ ಧೂಳು ಗುಡಿಸ್ತೀರಾ?” ಉತ್ತರ ಕೊಡುವ ಬದಲು ನಾನು ಅಂಗಡಿಗೆ ಹೋಗಿ ಅಗಲ ಅಂಚಿನ ಹ್ಯಾಟು, ಎಂಟು ಜೇಬಿನ ಷರಾಯಿ ಮತ್ತು ಒಂದು ಕರಣೆ ಕೊಂಡೆ. ಗಾರೆಯವರ ಕರಣೆ, ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದು. ಶಿಬಿರದಲ್ಲಿ ನಮಗೆ ಕಲಿಸುತ್ತಿದ್ದ ಮೇಡಂ, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು, ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ, “ಇದರಲ್ಲಿ ದೋಸೆ ಮಗುಚಬಹುದು ಸರ್” ಎಂದು ಅಡುಗೆಯವರ ಕಡೆ ಸಾಗಹಾಕಿದರು. ನನ್ನ ಕೈಗೆ ಬಂದದ್ದು ಅಂಗೈಯಗಲದ, ಮೊನೆ ಚೂಪಾದ ಪುಟ್ಟ ಕರಣೆ ಮತ್ತು ಬಣ್ಣ ಬಳಿಯುವ ಬ್ರಷ್ಷು.

ಬ್ರಷ್ಷು ಬಂದಿತು, ಅಗೆಯುವ ಜಾಗ ಬರಲಿಲ್ಲ. ಈ ದೇಶದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಅನುಮತಿ ಇಲ್ಲದೆ ಯಾವ ವಿಶ್ವವಿದ್ಯಾಲಯವೂ ಪುರಾತನ ನೆಲೆಯಲ್ಲಿ ಉತ್ಖನನ ಮಾಡುವಂತಿಲ್ಲ. ನಮ್ಮಂಥ ಹವ್ಯಾಸಿಗಳ ಮಾತಂತೂ ದೂರವೇ ಉಳಿಯಿತು. ಹಾಗಾಗಿ ಕಲಿಯುವವರಿಗೆಂದೇ ಕಟ್ಟಡದ ಹಿಂದಿನ ಬಯಲಲ್ಲಿ ಒಂದು ಸುಳ್ಳು ನೆಲೆ ಮಾಡಿಟ್ಟಿದ್ದರು. ಹಿಂದಿನ ವರ್ಷವೇ ಕುಣಿ ತೋಡಿ, ಬಣ್ಣಬಣ್ಣದ ಮಣ್ಣನ್ನು ಪದರಪದರವಾಗಿ ಹಾಸಿ, ನಡುನಡುವೆ ಮಡಕೆ ಚೂರು, ಮೂಳೆ, ಬಳೆ ಎಲ್ಲ ಹೂತು ಮುಚ್ಚಿದ್ದರು. ನನಗೆ ಮುಖಭಂಗವಾಯಿತು. ಎಂಟು ಜೇಬಿನ ಷರಾಯಿ ಹಾಕಿಕೊಂಡು ಬಂದದ್ದು ಕಳೆದ ವರ್ಷದ ಮಡಕೆ ಹುಡುಕಲಿಕ್ಕೇ? ಅಂದೂಬಿಟ್ಟೆ. ಮೇಡಂ ಸಮಾಧಾನವಾಗಿ ಹೇಳಿದರು: “ನಿಜವಾದ ನೆಲೆಯನ್ನ ಒಂದು ಸಲ ಮಾತ್ರ ಅಗೆಯೋಕೆ ಆಗೋದು ಸರ್. ಅಗೆದ ಮೇಲೆ ಅದು ಇರೋದಿಲ್ಲ, ನಾವು ಬರೆದುಕೊಂಡಿದ್ದು ಅಷ್ಟೇ ಇರುತ್ತೆ. ಅಂಥದ್ದನ್ನ ನಿಮ್ಮ ಕೈಗೆ ಕೊಡೋಕೆ...” ಎಂದು ನಿಲ್ಲಿಸಿದರು. ಒಳ್ಳೆಯ ಮನೆತನದ ಹೆಣ್ಣುಮಗಳು.

ಮೊದಲು ಚೌಕ ಹಾಕಬೇಕು. ಕಾಗದದ ಮೇಲೆ ಇದು ಹೈಸ್ಕೂಲಿನ ಪೈಥಾಗೊರಸ್: ಗೂಟದಿಂದ ಒಂದು ಕಡೆಗೆ 3 ಮೀಟರ್, ಇನ್ನೊಂದು ಕಡೆಗೆ 4, ಎದುರಿನ ಗೆರೆ ಸರಿಯಾಗಿ 5 ಬಂದರೆ ಮೂಲೆ ಮಟ್ಟ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಅಂಕಿಗಳ ಜೊತೆ ಬಾಳಿದವನು ನಾನು, ಟೇಪು ಹಿಡಿಯುವ ನೇತೃತ್ವವನ್ನು ನಾನೇ ವಹಿಸಿಕೊಂಡೆ. 5 ಮೀಟರ್ ಚೌಕಕ್ಕೆ ಎರಡೂ ಕರ್ಣ 7 ಮೀಟರ್ 7 ಸೆಂಟಿಮೀಟರ್ ಬರಬೇಕು. ನಮ್ಮದರಲ್ಲಿ ಒಂದು ಕರ್ಣ 7 ಮೀಟರ್ ಮುಟ್ಟಲೇ ಇಲ್ಲ, ಇನ್ನೊಂದು ಏಳೂವರೆಯ ಹತ್ತಿರಕ್ಕೆ ಹೋಯಿತು. ಟೇಪು ಹಿಗ್ಗಿದೆ ಎಂದೆ. ಬದಲಿಸಿಕೊಟ್ಟರು. ನೆಲ ಇಳಿಜಾರು ಎಂದೆ. ಕೆಲಸಕ್ಕೆ ಬಂದಿದ್ದ ಊರಿನ ಅಕ್ಕ ಒಬ್ಬರು ಸೆರಗು ಬಿಗಿದು ಬಂದು, ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿ, “ಆ ಗೂಟ ಈಕಡೆ ತರ್‍ರಿ ಸಾರ್. ಇನ್ನಾ ಚೂರು. ಹಾಂ, ಬಡೀರಿ” ಎಂದರು. ಅಳೆದರೆ 7 ಮೀಟರ್ 7. ಆಕೆ ವಯಸ್ಸಿನ ಹುಡುಗಿಯಾಗಿದ್ದಾಗಿನಿಂದ ಸುತ್ತಮುತ್ತ ನಡೆದ ಉತ್ಖನನಗಳಲ್ಲಿ ಬಾಂಡ್ಲಿ ಹೊತ್ತವರಂತೆ. ಪೈಥಾಗೊರಸ್‌ನನ್ನು ಕೇಳಿಯೂ ಇರಲಿಲ್ಲ.

ಈ ಚೌಕದ ಪದ್ಧತಿಯನ್ನು ನಮ್ಮ ದೇಶದಲ್ಲಿ ಗಟ್ಟಿಯಾಗಿ ಊರಿಸಿದವರು ಮಾರ್ಟಿಮರ್ ವ್ಹೀಲರ್. ಸೈನ್ಯದಲ್ಲಿ ಬ್ರಿಗೇಡಿಯರ್ ಆಗಿದ್ದವರು. 1944ರಲ್ಲಿ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿ ಬಂದು ಅದೇ ವರ್ಷ ತಕ್ಷಶಿಲೆಯಲ್ಲಿ ತರುಣರನ್ನು ಸೇರಿಸಿ ತರಬೇತಿ ಶಾಲೆ ನಡೆಸಿದರು. ನೆಲವನ್ನು ಚೌಕಗಳಾಗಿ ಹಂಚುವುದು, ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಅಗೆಯದೆ ಮಣ್ಣಿನ ಗೋಡೆ ಬಿಡುವುದು, ಆ ಗೋಡೆಯ ಮೈಯಲ್ಲಿ ಕಾಣುವ ಪದರಗಳನ್ನು ಓದುವುದು. ಆ ಗೋಡೆಗೆ ಅಗೆಯುವವರು ‘ಬಾಕ್’ ಎನ್ನುತ್ತಾರೆ. ಬಾಕ್ ಮೇಲೆ ನಡೆಯಬೇಡಿ, ಅಂಚಿನಲ್ಲಿ ಕೂರಬೇಡಿ, ಕುಣಿಯ ಬಾಯಲ್ಲಿ ಮಣ್ಣು ಸುರಿಯಬೇಡಿ ಎಂದು ಮೇಡಂ ಬೋರ್ಡಿನ ಮೇಲೆ ಬರೆಸಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಎರಡು ಗೆರೆ ಎಳೆದ ವಿಷಯ ಮುಂದೆ ಬರುತ್ತದೆ.

ಕೊನೆಗೂ ಅಗೆತ. ಅಗೆತ ಎಂದೆನಲ್ಲ, ಅದೇ ತಪ್ಪು. ಕರಣೆಯ ಅಂಚಿನಿಂದ ಮಣ್ಣನ್ನು ಹಿಂದಕ್ಕೆ ಎಳೆದು ಎಳೆದು ಕೆರೆಯಬೇಕು. ಬಣ್ಣ ಬದಲಾಯಿತೇ, ಗಟ್ಟಿತನ ಬದಲಾಯಿತೇ ನೋಡಬೇಕು. ಬದಲಾದ ಕೂಡಲೇ ನಿಲ್ಲಿಸಿ, ಅದು ಹೊಸ ಪದರ, ಅದಕ್ಕೆ ಹೊಸ ನಂಬರು, ಹೊಸ ಚೀಲ, ಹೊಸ ಚೀಟಿ. ಮೇಲಿನ ಪದರ 1, ಅದರ ಕೆಳಗಿನದು 2. ಕೊನೆಗೆ ಜಮೆಯಾದದ್ದು ಮೊದಲು ಹೊರಗೆ ಬರಬೇಕು; ನಾವು ಬ್ಯಾಂಕಿನವರು ಗೋದಾಮಿನ ಸರಕಿನ ಲೆಕ್ಕದಲ್ಲಿ ನೋಡುತ್ತಿದ್ದ ಕ್ರಮವೇ. ಇಷ್ಟು ಅರ್ಥವಾದ ಮೇಲೆ ಇನ್ನೇನು, ನಾನೇ ಹುಟ್ಟು ಪುರಾತತ್ತ್ವಜ್ಞ ಎನಿಸಿತು. ಹುಡುಗರು ಚಮಚೆಯಲ್ಲಿ ಕೆರೆದಂತೆ ಕೆರೆಯುತ್ತಿದ್ದರೆ ನಾನು ಮಧ್ಯಾಹ್ನದೊಳಗೆ ಮೊಣಕಾಲುದ್ದ ಇಳಿದಿದ್ದೆ. ಬಳ್ಳಾರಿಯ ಬಿಸಿಲು ಹ್ಯಾಟಿನೊಳಗೆ ಬಂದು ಕೂತಿತ್ತು. ಅಕ್ಕ ಬಾಂಡ್ಲಿ ತುಂಬಲು ಬಗ್ಗಿದವರು ನನ್ನ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, “ಸಾರ್, ಇಲ್ಲಿ ಮಣ್ಣು ಬ್ಯಾರೆ ಆಗಿ ಬಾಳ ಹೊತ್ತಾತ್ರೀ” ಎಂದರು.

“ಎಷ್ಟು ಹೊತ್ತಾಯ್ತು?”

“ಎರಡು ಸಲ ಬ್ಯಾರೆ ಆಗೈತ್ರೀ.”

ಮೂರು ಪದರಗಳ ಬೋಕಿ ಚೂರುಗಳು ನನ್ನ ಒಂದೇ ಚೀಲದಲ್ಲಿ ಸುಖವಾಗಿದ್ದವು. ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬದಲಿಗೆ ಎಲ್ಲರನ್ನೂ ಕರೆದು ಬ್ರಹ್ಮಗಿರಿಯ ಕಥೆ ಹೇಳಿದರು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯನ್ನು ವ್ಹೀಲರ್ 1947ರಲ್ಲಿ ಅಗೆದಾಗ ತಳದಲ್ಲಿ ನುಣುಪು ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾ ಸಮಾಧಿಗಳ ಜನ, ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲದವರು ಸಾಲಾಗಿ ಸಿಕ್ಕರು. ಕಾಲ ಯಾವುದು ಎಂದು ಹೇಳುವುದು ಹೇಗೆ? ಪಾಂಡಿಚೇರಿ ಪಕ್ಕದ ಅರಿಕಮೇಡಿನಲ್ಲಿ, ರೋಮಿನ ಕಡೆಯಿಂದ ಹಡಗಿನಲ್ಲಿ ಬಂದ ಪಾತ್ರೆಗಳ ಜೊತೆ, ಒಳಗೆ ಚುಕ್ಕೆಚುಕ್ಕೆಯ ಸುತ್ತುಗೆರೆ ಇರುವ ಒಂದು ಜಾತಿಯ ತಟ್ಟೆ ಸಿಕ್ಕಿತ್ತು. ಅಂಥದೇ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಿತು. ಅಲ್ಲಿನ ಕಾಲ ಗೊತ್ತಿದ್ದರಿಂದ ಇಲ್ಲಿನದೂ ಗೊತ್ತಾಯಿತು, ಅದನ್ನು ಹಿಡಿದು ಕೆಳಗಿನವರ ಕಾಲವನ್ನೂ ಎಣಿಸುತ್ತ ಇಳಿದರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಏಣಿ ಸಿಕ್ಕಿದ್ದು ಅಂಗೈಯಗಲದ ಬೋಕಿಯಿಂದ. (ಆ ಏಣಿಯ ಕೆಳಗಿನ ಮೆಟ್ಟಿಲುಗಳು ವ್ಹೀಲರ್ ಎಣಿಸಿದ್ದಕ್ಕಿಂತ ಇನ್ನೂ ಹಳೆಯವು ಎಂದು ಆಮೇಲೆ ಇಂಗಾಲದ ಕಾಲಮಾಪನ ತೋರಿಸಿತು, ಅದು ಬೇರೆ ಮಾತು.) ಆ ಚೂರು ಯಾವ ಪದರದ್ದು ಎಂಬುದೊಂದು ತಪ್ಪಿದ್ದರೆ?

ತಪ್ಪಿದ್ದರೆ ಏನಾಗುತ್ತಿತ್ತು ಎಂಬುದು ನನ್ನ ಚೀಲದಲ್ಲಿತ್ತು. ನನ್ನನ್ನು ಬ್ರಹ್ಮಗಿರಿಯಲ್ಲಿ ಬಿಟ್ಟಿದ್ದರೆ ಶಾತವಾಹನರು ಕಲ್ಲುಕೊಡಲಿ ಹಿಡಿದು ರೋಮಿನ ತಟ್ಟೆಯಲ್ಲಿ ಉಣ್ಣುತ್ತ ಇವತ್ತಿಗೂ ಪಠ್ಯಪುಸ್ತಕದಲ್ಲಿ ಕೂತಿರುತ್ತಿದ್ದರು.

ಮಾನ ಉಳಿಸಿಕೊಳ್ಳಲು ಮರುದಿನ ಒಂದು ಶೋಧ ಮಾಡಿದೆ. ಮೂರನೆಯ ಪದರದಲ್ಲಿ, ಮಣ್ಣಿನ ನಡುವೆ, ಹಸಿರು ಛಾಯೆಯ ಗಾಜಿನ ಗುಂಡು! ಕೈ ನಡುಗಿತು. ಸುತ್ತ ಬ್ರಷ್ಷಿನಿಂದ ಗುಡಿಸಿದೆ, ಎರಡು ಗೋಡೆಗಳಿಂದ ದೂರ ಅಳೆದೆ, ಆಳ ಅಳೆದೆ, ಉತ್ತರದ ಬಾಣ ಇಟ್ಟು ಫೋಟೊ ತೆಗೆಸಿದೆ. ಫೋಟೊದಲ್ಲಿ ನನ್ನ ಬೂಟೂ ಬಂದಿದೆ, ಅದಿರಲಿ. ದಾಖಲೆ ಪುಸ್ತಕದಲ್ಲಿ ಹೀಗೆ ಬರೆದೆ: ‘ಅರೆಪಾರದರ್ಶಕ ಗುಂಡು. ರಂಧ್ರವಿಲ್ಲ, ಆದ್ದರಿಂದ ಮಣಿಯಲ್ಲ. ಧಾರ್ಮಿಕ ಆಚರಣೆಗೆ ಸಂಬಂಧಿಸಿದ್ದಿರಬಹುದು.’ ಏನೆಂದು ತಿಳಿಯದ ವಸ್ತುವನ್ನೆಲ್ಲ ಧಾರ್ಮಿಕ ಆಚರಣೆಯ ಖಾತೆಗೆ ಬರೆಯುವುದು ಈ ವಿದ್ಯೆಯ ಹಳೆಯ ಅಭ್ಯಾಸವಂತೆ. ಅದೊಂದನ್ನು ಮಾತ್ರ ನಾನು ಯಾರೂ ಹೇಳಿಕೊಡದೆ ಕಲಿತಿದ್ದೆ. ಫೋಟೊ ಮನೆಗೂ ಕಳಿಸಿದೆ. ಮೊಮ್ಮಗ ಫೋನಿನಲ್ಲಿ, “ತಾತಾ, ಚಿನ್ನ ಸಿಕ್ತಾ?” ಎಂದ. ಚಿನ್ನಕ್ಕಿಂತ ದೊಡ್ಡದು ಮಗೂ ಎಂದೆ.

ಅಕ್ಕ ಬಂದು ಇಣುಕಿದರು. “ಸಾರ್, ಅದು ಗೋಲಿಸೋಡಾದ ಗೋಲಿ.”

“ಮೂರನೇ ಪದರದಲ್ಲಿ ಹೇಗೆ ಬರುತ್ತೆ ಅಕ್ಕಾ?”

“ಇಲಿ ತಂದೈತ್ರೀ.”

ನಿಜವೇ. ಸುತ್ತಲಿನ ಮಣ್ಣು ಮಾತ್ರ ಸಡಿಲ, ಬಣ್ಣ ತೆಳು, ಮೇಲಿನಿಂದ ಓರೆಯಾಗಿ ಇಳಿದ ಬಿಲ. ಇಲಿ, ಹೆಗ್ಗಣ, ಮರದ ಬೇರು, ಎರೆಹುಳು ಇವೆಲ್ಲ ಪುರಾತತ್ತ್ವದ ನಿತ್ಯಶತ್ರುಗಳು; ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಸಾಗಿಸುತ್ತವೆ. ಮನುಷ್ಯರೂ ಕಡಿಮೆಯಿಲ್ಲ. ಒಂದು ಕಾಲದವರು ತೋಡಿದ ಹಗೇವು ಅದಕ್ಕಿಂತ ಹಳೆಯ ನಾಲ್ಕು ಪದರ ಸೀಳಿಕೊಂಡು ಇಳಿದಿರುತ್ತದೆ. ಅದರೊಳಗಿನ ಮಣ್ಣನ್ನು ಮೊದಲು ಬೇರೆಯಾಗಿ ತೆಗೆಯದಿದ್ದರೆ ಮೊಮ್ಮಗನ ಸಾಮಾನು ತಾತನ ಕಾಲಕ್ಕೆ ಸೇರುತ್ತದೆ. ಇದನ್ನೆಲ್ಲ ಹಿಂದಿನ ದಿನವೇ ಪಾಠ ಮಾಡಿದ್ದರಂತೆ. ಆಗ ನಾನು ಹ್ಯಾಟಿನ ದಾರ ಸರಿಮಾಡಿಕೊಳ್ಳುತ್ತಿದ್ದೆ.

ಇನ್ನು ಬೂದಿದಿಬ್ಬದ ಪ್ರಸಂಗ. ಇದನ್ನು ಬರೆಯಬಾರದೆಂದಿದ್ದೆ, ಆದರೆ ಸಾಫ್ಟ್‌ವೇರಿನವನು ಎಲ್ಲರಿಗೂ ಹೇಳಿಬಿಟ್ಟಿದ್ದಾನೆ. ಒಂದು ದಿನ ಸಂಗನಕಲ್ಲು, ಕುಡತಿನಿ ಸುತ್ತಿಸಲು ಕರೆದೊಯ್ದರು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಲ್ಲುಕೊಡಲಿಯ ಕಾರ್ಖಾನೆಯೇ ಇತ್ತು. ಕರಿಯ ಡಾಲರೈಟ್ ಕಲ್ಲನ್ನು ಚಕ್ಕೆ ಎಬ್ಬಿಸಿ, ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿದ ಗುಳಿಗಳು ಈಗಲೂ ಇವೆ. ಬಸ್ಸಿನಲ್ಲಿ ಮೇಡಂ ಒಂದು ಉಪಾಯ ಹೇಳಿದ್ದರು. ಹಳೆಯ ಮೂಳೆಯೋ ಕಲ್ಲೋ ಎಂಬ ಅನುಮಾನ ಬಂದರೆ ಕೆಲವರು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಅಂಟಿಕೊಳ್ಳುತ್ತದೆ, ಕಲ್ಲು ಅಂಟುವುದಿಲ್ಲ.

ಕುಡತಿನಿಯ ದಿಬ್ಬ ಬಳ್ಳಾರಿ–ಹೊಸಪೇಟೆ ರಸ್ತೆಯ ಮಗ್ಗುಲಲ್ಲೇ ಇದೆ. ಅಲ್ಲಿಂದ ಏನನ್ನೂ ಜೇಬಿಗೆ ಹಾಕಬೇಡಿ ಎಂದು ಕಟ್ಟಪ್ಪಣೆಯಾಗಿತ್ತು. ಬಾಯಿಗೆ ಹಾಕಬೇಡಿ ಎಂದು ಯಾರೂ ಹೇಳಿರಲಿಲ್ಲ. ಅಂಚಿನಲ್ಲಿ ಬಿದ್ದಿದ್ದ ಬೆಳ್ಳಗಿನ, ಹಗುರವಾದ ತುಂಡೊಂದು ಕಣ್ಣಿಗೆ ಬಿತ್ತು. ಎತ್ತಿ ನಾಲಿಗೆಗೆ ಮುಟ್ಟಿಸಿದೆ. ಗಪ್ಪನೆ ಅಂಟಿತು! “ಮೂಳೆ! ಮೂಳೆ!” ಎಂದು ಕೂಗಲು ಹೋದೆ, ನಾಲಿಗೆಗೆ ತುಂಡು ಅಂಟಿದ್ದರಿಂದ ಬೇರೇನೋ ಕೇಳಿಸಿತು. ಎಲ್ಲರೂ ಓಡಿಬಂದರು.

ಮೇಡಂ ತುಂಡನ್ನು ತೆಗೆದುಕೊಂಡು, ಬಂದ ಜಾಗದಲ್ಲೇ ಇಟ್ಟು, ನನ್ನ ಮುಖ ನೋಡದೆ ದಿಬ್ಬದ ಕಡೆ ತಿರುಗಿ ಪಾಠ ಆರಂಭಿಸಿದರು. ಈ ದಿಬ್ಬಗಳು ಏನೆಂದು ಸಾಹೇಬರು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. ಜ್ವಾಲಾಮುಖಿ ಎಂದವರಿದ್ದರು, ಕಬ್ಬಿಣದ ಕುಲುಮೆ ಎಂದವರಿದ್ದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹುಡುಕಿದವರು, ಇವು ದನದ ಹಟ್ಟಿಗಳು ಎಂದರು. 1957ರಲ್ಲಿ ಮೆಹಬೂಬ್‌ನಗರ ಕಡೆಯ ಉಟ್ನೂರಿನ ದಿಬ್ಬವನ್ನು ರೇಮಂಡ್ ಆಲ್ಚಿನ್ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ನವಶಿಲಾಯುಗದ ದನಗಾಹಿಗಳು ಹಟ್ಟಿಯಲ್ಲಿ ಕೂಡಿಬಿದ್ದ ಸೆಗಣಿಗೆ ಮತ್ತೆ ಮತ್ತೆ ಬೆಂಕಿ ಕೊಟ್ಟು ಕೊಟ್ಟು ಆದ ಬೂದಿ ಇದು.

“ಅಂದ್ರೆ ಅಂಕಲ್ ನೆಕ್ಕಿದ್ದು...” ಎಂದು ಒಬ್ಬ ಹುಡುಗಿ ಕೇಳಿದಳು.

“ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು. ಸುಟ್ಟಿದ್ದು ಬೇರೆ. ಏನೂ ಆಗಲ್ಲ” ಎಂದರು ಮೇಡಂ. ವಿಭೂತಿ ಆಗುವುದೂ ಅದರಿಂದಲೇ ಅಲ್ಲವೇ ಎಂದು ಹೈಸ್ಕೂಲು ಮೇಷ್ಟ್ರು ನನ್ನ ಭುಜ ತಟ್ಟಿದರು. ಆ ರಾತ್ರಿ ಊಟಕ್ಕೆ ಹುರುಳಿ ಸಾರು. ಈ ದಿಬ್ಬಗಳ ಸೀಮೆಯ ನವಶಿಲಾಯುಗದ ಜನ ತಿನ್ನುತ್ತಿದ್ದುದೂ ಹುರುಳಿ, ಹೆಸರು, ಕೊರಲೆಯೇ. ನೆಲೆಗಳ ಮಣ್ಣನ್ನು ನೀರಿಗೆ ಕಲಕಿದರೆ ಸುಟ್ಟು ಕರಿಯಾದ ಕಾಳು ಮೇಲೆ ತೇಲುತ್ತದೆ, ಅದನ್ನು ಸೋಸಿ ಕಂಡುಕೊಂಡದ್ದು. ಅವರು ಉಂಡದ್ದನ್ನೂ ಅವರ ದನ ಬಿಟ್ಟದ್ದನ್ನೂ ಒಂದೇ ದಿನ ಸವಿದ ಇನ್ನೊಬ್ಬ ವಿದ್ಯಾರ್ಥಿ ಕರ್ನಾಟಕದಲ್ಲಿ ಇರಲಾರ.

ಮಡಕೆ ತೊಳೆಯುವ ಅಂಗಳಕ್ಕೆ ನನ್ನನ್ನು ವರ್ಗ ಮಾಡಿದ್ದು ಅದರ ಮಾರನೆಯ ದಿನ. ಅಲ್ಲಿ ಅಪಾಯ ಕಡಿಮೆ ಎಂಬ ಎಣಿಕೆ. ಬೋಕಿಯ ಅಂಚಿನ ಚೂರನ್ನು ವೃತ್ತಗಳ ನಕ್ಷೆಯ ಮೇಲಿಟ್ಟು ಯಾವ ವೃತ್ತಕ್ಕೆ ಕೂಡುತ್ತದೆಂದು ನೋಡಿದರೆ ಇಡೀ ಮಡಕೆಯ ಬಾಯಿ ಎಷ್ಟಗಲ ಎಂದು ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಒಂದು ಸಣ್ಣ ಕುಡಿಕೆಯ ಬಾಯಿ 84 ಸೆಂಟಿಮೀಟರ್ ಬಂತು. ಚೂರನ್ನು ಓರೆಯಾಗಿ ಹಿಡಿದಿದ್ದೆನಂತೆ. ಮಟ್ಟದ ದುರ್ಬೀನಿನ ಎದುರು ಅಳತೆಗೋಲು ಹಿಡಿದಾಗಲೂ ಹೀಗೇ ಆಗಿತ್ತು. ಗೋಲು ತಲೆಕೆಳಗಾಗಿ, ನಮ್ಮ ಕುಣಿಯ ತಳ ಸುತ್ತಲಿನ ನೆಲಕ್ಕಿಂತ ಎತ್ತರಕ್ಕೆ ಏರಿತ್ತು. ಚೂರುಗಳ ಮೇಲೆ ನಂಬರು ಬರೆಯುವುದರಲ್ಲಿ ಮಾತ್ರ ಬ್ಯಾಂಕಿನ ಅಕ್ಷರ ಕೈಹಿಡಿಯಿತು. ಎಷ್ಟು ಮುದ್ದಾಗಿತ್ತೆಂದರೆ, ಒಳಮೈಯಲ್ಲಿ ಬರೆಯಬೇಕಾದ್ದನ್ನು ಚಿತ್ತಾರವಿರುವ ಹೊರಮೈಯಲ್ಲಿ ಬರೆದದ್ದು ಯಾರಿಗೂ ಸಂಜೆಯವರೆಗೆ ಗೊತ್ತಾಗಲಿಲ್ಲ.

ಕಡೆಯ ದಿನ ಎಲ್ಲ ಕುಣಿಗಳ ಗೋಡೆಯನ್ನು ಸವರಿ, ಪದರದ ಗೆರೆ ಕೊರೆದು, ಚೀಟಿ ಚುಚ್ಚಿ ಚಿತ್ರ ಬರೆಯುವುದಿತ್ತು. ಹುಡುಗರು ಬೆಳಗಿನಿಂದ ಬಗ್ಗಿ ಗೋಡೆಯನ್ನು ಕನ್ನಡಿ ಮಾಡಿಟ್ಟಿದ್ದರು. ಚಹಾ ಬಂತು. ಲೋಟ ಹಿಡಿದು ಸುತ್ತ ನೋಡಿದೆ. ನೆರಳಿದ್ದದ್ದು, ಕೂರಲು ಹಿತವಾಗಿದ್ದದ್ದು ಒಂದೇ ಜಾಗ. ಕಾಲು ಇಳಿಬಿಟ್ಟು ಕೂತೆ. ಎರಡು ಗೆರೆ ಎಳೆದ ವಿಷಯ ಎಂದೆನಲ್ಲ, ಅದು ಇದೇ. ಬಾಕ್ ಮೊದಲು ಸಣ್ಣಗೆ ಸದ್ದು ಮಾಡಿತು. ಆಮೇಲೆ ನಾನು, ಚಹಾ, ಪದರ 1ರಿಂದ ಪದರ 4ರವರೆಗಿನ ಚೀಟಿಗಳು, ಎಲ್ಲರೂ ಒಟ್ಟಿಗೆ ಕುಣಿಯ ತಳದಲ್ಲಿದ್ದೆವು. ಹುಡುಗರು ದಿಗ್ಭ್ರಮೆಯಿಂದ ನಿಂತಿದ್ದರು. ಅಕ್ಕ ಮೇಲಿಂದ ಕೈಕೊಟ್ಟರು. “ಪೆಟ್ಟಾಗಿಲ್ಲ ಹೌದಲ್ರೀ ಸಾರ್?” ಎಂದು ಕೇಳಿ, ಇಲ್ಲವೆಂದು ಖಾತ್ರಿಯಾದ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿದರು. ಭುಜ ಕುಲುಕುತ್ತಿದ್ದುದು ಕಂಡಿತು.

ಪ್ರಮಾಣಪತ್ರ ಎಲ್ಲರಿಗೂ ಕೊಟ್ಟರು, ನನಗೂ. ಅಕ್ಕನಿಗೆ ಅಂದಿನ ಕೂಲಿ ಕೊಟ್ಟರು. ನಮ್ಮ ಉತ್ಖನನ ವರದಿಗಳ ಮುನ್ನುಡಿಯ ಕೊನೆಯಲ್ಲಿ ‘ಕೆಲಸಗಾರರಿಗೂ ವಂದನೆ’ ಎಂದು ಒಂದು ಸಾಲು ಇದ್ದರೆ ಹೆಚ್ಚು. ಯಾರ ಬೆರಳಿಗೆ ಮೊದಲು ಪದರ ತಿಳಿಯಿತು ಎಂಬುದು ಯಾವ ಪದರದಲ್ಲೂ ಸಿಗುವುದಿಲ್ಲ. ನನ್ನ ಮಟ್ಟಿಗೆ ಪತ್ರ ಅದಲುಬದಲಾಗಿದೆ.

ಈಗ ನಿಮಗೊಂದು ಮಾತು. ಪಾಯ ತೋಡುವಾಗಲೋ ಹೊಲ ಉಳುವಾಗಲೋ ನುಣುಪಾದ ಕಲ್ಲುಕೊಡಲಿ, ಬೂದಿ, ರಾಶಿ ಬೋಕಿ, ನಾಣ್ಯ ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ. ನಿಧಿ ಇದೆಯೆಂದು ಇನ್ನಷ್ಟು ಬಗೆಯಬೇಡಿ. ನಿಧಿಗಳ್ಳರು ಬಗೆದು ಹಾಳುಮಾಡಿದ ಕಲ್ಗೋರಿಗಳು, ಗುಡಿಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಕಾನೂನೇ ಇದೆ. ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಫೋಟೊ ತೆಗೆದು, ತಹಶೀಲ್ದಾರರಿಗೋ ರಾಜ್ಯ ಪುರಾತತ್ತ್ವ ಇಲಾಖೆಗೋ ಹೇಳಿ. ತೊಳೆಯಬೇಡಿ, ಉಜ್ಜಬೇಡಿ, ನೆಕ್ಕಬೇಡಿ. ನನ್ನನ್ನಂತೂ ಕರೆಯಲೇಬೇಡಿ.